ತಡಸ ಸೀಮೆಯ ಮನೆ ಪರವಾನಗಿ: ಒಂದು ಪ್ರಮಾಣ ಮೀಮಾಂಸೆ

ಒಂದೇ ಜಾಗದಲ್ಲಿ ಎರಡು ಮನೆಗಳಿರುತ್ತವೆ ಎಂಬ ಸಿದ್ಧಾಂತದ ಮೇಲೆ ನಿಂತ ಶಾಸ್ತ್ರ, ಮನೆ ಪರವಾನಗಿ. ಒಂದು ಇಟ್ಟಂಗಿಯ ಮನೆ, ಇನ್ನೊಂದು ಕಾಗದದ್ದು. ಮೊದಲನೆಯದನ್ನು ಗೌಂಡಿ ಕಟ್ಟುತ್ತಾನೆ. ಎರಡನೆಯದನ್ನು ಹುಬ್ಬಳ್ಳಿಯಲ್ಲಿ ಕುಳಿತ ಎಂಜಿನಿಯರು ಗೆರೆ ಎಳೆದು ಎಬ್ಬಿಸುತ್ತಾನೆ, ಗ್ರಾಮ ಪಂಚಾಯತಿ ಸಿಕ್ಕಾ ಹೊಡೆದು ಚಾವಣಿ ಹಾಕುತ್ತದೆ. ಎರಡೂ ಒಂದೇ ಎನ್ನುವ ಅದ್ವೈತಿಗಳು ಈಗ ಬೆಂಗಳೂರಿನ ಸುತ್ತೋಲೆಗಳಲ್ಲಿ ಮಾತ್ರ ಉಳಿದಿದ್ದಾರೆ. ಶಿಗ್ಗಾವಿ ತಾಲೂಕಿನ ತಡಸದಿಂದ ಹಿಡಿದು ಹಾನಗಲ್, ಸವಣೂರು, ಹಿರೇಕೆರೂರಿನವರೆಗೆ ಆಚರಣೆಯಲ್ಲಿರುವುದು ದ್ವೈತವೇ. ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯತಿಗಳೂ ಇದೇ ಮತದವಾದ್ದರಿಂದ ತಡಸವನ್ನು ಇಲ್ಲಿ ಉದಾಹರಣೆಯೆಂದು ತಿಳಿಯಬೇಕೇ ಹೊರತು ಅಪವಾದವೆಂದಲ್ಲ.

ಪ್ರಾಚೀನರಿಗೆ ಈ ಶಾಸ್ತ್ರದ ಪರಿಚಯವಿರಲಿಲ್ಲ. ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನನ್ನು ಕೊಲ್ಲಬೇಕು ಎಂದು ಬ್ಯಾಬಿಲೋನಿನ ಹಮ್ಮುರಾಬಿ ಕಲ್ಲಿನಲ್ಲಿ ಕೆತ್ತಿಸಿದ. ಗೌಂಡಿಯ ತಲೆಯೇ ಠೇವಣಿಯಾಗಿದ್ದುದರಿಂದ ಅಲ್ಲಿ ನಕಾಶೆಯ ಮೂರು ಪ್ರತಿಗಳನ್ನು ಯಾರೂ ಕೇಳಲಿಲ್ಲ. ಕೌಟಿಲ್ಯ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಗಟಾರ ಪಕ್ಕದ ಮನೆಯ ಗೋಡೆಯಿಂದ ಎಷ್ಟು ದೂರವಿರಬೇಕೆಂದು ವಿಧಿಸಿ, ವಾಸ್ತುವಿನ ವ್ಯಾಜ್ಯಗಳನ್ನು ನೆರೆಯವರ ಮಾತಿನ ಮೇಲೆ ತೀರಿಸಬೇಕೆಂದ. ನೆರೆಯವರ ಮಾತಿನಿಂದ ವ್ಯಾಜ್ಯ ತೀರುತ್ತದೆಂದು ನಂಬಿದ್ದನ್ನು ನೋಡಿದರೆ ಅವನಿಗೆ ನೆರೆಯವರು ಇದ್ದಂತಿಲ್ಲ.

ತಡಸಕ್ಕೆ ಅನ್ವಯಿಸುವ ಮೂಲಗ್ರಂಥ 1993ರ ಪಂಚಾಯತ್ ರಾಜ್ ಅಧಿನಿಯಮ. ಪಂಚಾಯತಿಯ ಲಿಖಿತ ಅನುಮತಿಯಿಲ್ಲದೆ ಕಟ್ಟಡ ಕಟ್ಟುವಂತಿಲ್ಲ, ಇದ್ದುದನ್ನು ಬದಲಿಸುವಂತಿಲ್ಲ ಎಂದು ಅದರ 64ನೆಯ ಪ್ರಕರಣ ಹೇಳುತ್ತದೆ. ಸೂತ್ರ ಚಿಕ್ಕದು, ಭಾಷ್ಯ ಪಂಚಾಯತಿ ಕಚೇರಿಯ ಕಟ್ಟೆಯ ಮೇಲೆ ಇನ್ನೂ ರಚನೆಯಾಗುತ್ತಿದೆ.

ಈಗ ಪ್ರಮಾಣಗಳ ವಿಚಾರ. ಬೇರೆಲ್ಲ ದರ್ಶನಗಳಲ್ಲಿ ಪ್ರತ್ಯಕ್ಷಕ್ಕೆ ಅಗ್ರಸ್ಥಾನ. ಪರವಾನಗಿ ದರ್ಶನದಲ್ಲಿ ಅದಕ್ಕೆ ಕಚೇರಿಯೊಳಗೆ ಪ್ರವೇಶವೇ ಇಲ್ಲ. ಅರ್ಜಿದಾರ ಮೂರು ತಲೆಮಾರಿನಿಂದ ಅದೇ ಹಿತ್ತಲಲ್ಲಿ ಹುಟ್ಟಿ ಬೆಳೆದದ್ದನ್ನು ಊರೆಲ್ಲ ಕಂಡಿದ್ದರೂ ಗ್ರಾಹ್ಯವಾಗುವುದು ಶಬ್ದಪ್ರಮಾಣ ಒಂದೇ, ಅಂದರೆ ಉತಾರ. ಉತಾರದಲ್ಲಿ ಬಹುಮಟ್ಟಿಗೆ ಅಜ್ಜನ ಹೆಸರಿರುತ್ತದೆ. ಮಹಾಲಯ ಅಮಾವಾಸ್ಯೆಗೆ ಅವನಿಗೆ ವರ್ಷವರ್ಷ ಎಡೆ ಇಡುತ್ತಿದ್ದರೂ ಕಾಗದದ ಲೋಕದಲ್ಲಿ ಅಜ್ಜ ಜೀವಂತವಾಗಿದ್ದು, ಅವನ ಸಹಿ ಬೇಕಾಗುತ್ತದೆ. ವಾಟ್ನಿಯಾಗದ ಮನೆತನಗಳಲ್ಲಿ ಮುಂಬಯಿಗೆ ಹೋದ ಕಾಕಾನ ಸಹಿಯೂ ಬೇಕು. ಇವರಿಬ್ಬರಲ್ಲಿ ಅಜ್ಜನ ಸಹಿಯೇ ಸುಲಭ ಎಂಬುದು ಅನುಭವಿಗಳ ಅಭಿಪ್ರಾಯ.

2013ರ ಸುಮಾರಿಗೆ ಇ-ಸ್ವತ್ತು ತಂತ್ರಾಂಶ ಬಂದ ಮೇಲೆ ಶಬ್ದಪ್ರಮಾಣ ಶಾಖೆಗಳಾಗಿ ಒಡೆಯಿತು. ಗ್ರಾಮಠಾಣಾದೊಳಗಿನ ಜಾಗ ಮತ್ತು ಕ್ರಮಬದ್ಧವಾಗಿ ಎನ್.ಎ., ಎಂದರೆ ಕೃಷಿಯೇತರ, ಆದ ಜಾಗಗಳಿಗೆ ನಮೂನೆ 9 ಮತ್ತು 11-ಎ, ಉಳಿದವಕ್ಕೆ 11-ಬಿ. ಈ 11-ಬಿ ತತ್ತ್ವಜ್ಞಾನಕ್ಕೆ ಕರ್ನಾಟಕದ ಸ್ವಂತ ಕೊಡುಗೆ. ಸ್ವತ್ತು ಇದೆ, ಆದರೆ ಇರಬಾರದಿತ್ತು ಎಂಬುದನ್ನು ಸರಕಾರಿ ಸಹಿಯೊಂದಿಗೆ ಸಾರುವ ದಾಖಲೆ ಬೇರೆ ಯಾವ ಪರಂಪರೆಯಲ್ಲೂ ಇರಲಾರದು. ತಡಸ ಕ್ರಾಸಿನಂಥ ಹೆದ್ದಾರಿ ಬದಿಯ ಹೊಲದಲ್ಲಿ ಕಟ್ಟುವವರು ಇನ್ನೂ ಮುಂದೆ ನಡೆದು, 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಎನ್.ಎ. ಮಾಡಿಸಲು ಹಾವೇರಿಯ ಜಿಲ್ಲಾಧಿಕಾರಿಯವರೆಗೆ ಮುಟ್ಟಬೇಕು. ಸಿಮೆಂಟು ತರಲು ಹೋಗುವ ಹುಬ್ಬಳ್ಳಿ ಅದಕ್ಕಿಂತ ಹತ್ತಿರ.

ಅನುಪಲಬ್ಧಿಯನ್ನು, ಎಂದರೆ ಇಲ್ಲದಿರುವಿಕೆಯಿಂದ ಹುಟ್ಟುವ ಜ್ಞಾನವನ್ನು, ಭಾಟ್ಟ ಮೀಮಾಂಸಕರು ಸ್ವತಂತ್ರ ಪ್ರಮಾಣವೆಂದು ಒಪ್ಪಿದರು. ನೈಯಾಯಿಕರು ಒಪ್ಪಲಿಲ್ಲ. ಈ ಜಗಳ ಪಂಚಾಯತಿಯ ಮುಂದೆ ಬಗೆಹರಿಯುತ್ತದೆ: ಹೊರಗೆ ಬೈಕಿಲ್ಲ, ಆದ್ದರಿಂದ ಪಿಡಿಒ ಒಳಗಿಲ್ಲ. “ಸಾಹೇಬ್ರು ಶಿಗ್ಗಾವಿಗೆ ಮೀಟಿಂಗಿಗೆ ಹೋಗ್ಯಾರ್ರಿ, ನಾಳೆ ಬರ್ರಿ” ಎಂಬ ವಾಟರ್‌ಮನ್‌ನ ವಾಕ್ಯ ಹೊಸ ಜ್ಞಾನವನ್ನೇನೂ ಕೊಡುವುದಿಲ್ಲ. ಬೈಕಿದ್ದ ದಿನ ಸರ್ವರ್ ಇರುವುದಿಲ್ಲ, ಅದೂ ಅನುಪಲಬ್ಧಿಯೇ.

ಅರ್ಥಾಪತ್ತಿಗೆ ಮೀಮಾಂಸಕರ ಹಳೆಯ ಉದಾಹರಣೆ ದಪ್ಪ ದೇವದತ್ತನದು. ಅವನು ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ತಡಸದ ಪಾಠಾಂತರ ಹೀಗೆ: ಪರವಾನಗಿ ಸಿಕ್ಕಿಲ್ಲ, ಆದರೂ ಮನೆ ಸ್ಲ್ಯಾಬಿನ ಮಟ್ಟಕ್ಕೆ ಬಂದಿದೆ, ಆದ್ದರಿಂದ ರವಿವಾರಗಳಲ್ಲಿ ಕಟ್ಟಿದ್ದಾರೆ. ಎರಡನೆಯ ಶನಿವಾರ, ನಾಲ್ಕನೆಯ ಶನಿವಾರ ಮತ್ತು ಜಯಂತಿಗಳ ರಜೆ ಸೇರಿದರೆ ಅಡಿಗೆ ಮನೆಯೂ ಎದ್ದಿರುತ್ತದೆ.

ಅರ್ಜಿದಾರನ ಅವಸರಕ್ಕೆ ಕಾರಣ ಮಳೆ. ಮಲೆನಾಡಿನ ಅಂಚಿನ ಈ ಊರಲ್ಲಿ ಪಾಯ ಎದ್ದು ಗೋಡೆ ಏರುವುದು ಮೃಗಶಿರ ಮಳೆ ಹಿಡಿಯುವುದರೊಳಗೆ. ಅರ್ಜಿ ಕೊಟ್ಟ 60 ದಿನಗಳೊಳಗೆ ಪಂಚಾಯತಿ ತೀರ್ಮಾನ ತಿಳಿಸದಿದ್ದರೆ ಅನುಮತಿ ಕೊಟ್ಟಂತೆ ಭಾವಿಸಬೇಕೆಂದು 64ನೆಯ ಪ್ರಕರಣ ಉದಾರವಾಗಿ ಹೇಳುತ್ತದೆ, ನಿಜ. ಆದರೆ ಯುಗಾದಿ ಮುಗಿಸಿ ಅರ್ಜಿ ಹಾಕಿದವನಿಗೆ 60 ದಿನ ತುಂಬುವಾಗ ರೋಹಿಣಿ ಮಳೆ ಬಿದ್ದಿರುತ್ತದೆ, ಅದರ ಹಿಂದೆಯೇ ಆಷಾಢ. ಮೇಲಾಗಿ ಭಾವಿಸಿದ ಅನುಮತಿಗೆ ಕಾಗದವಿಲ್ಲ. ಕಾಯಿದೆ ಭಾವಿಸಬಹುದು, ಬ್ಯಾಂಕಿನ ಮ್ಯಾನೇಜರ್ ಭಾವಿಸುವವರಲ್ಲ.

ಕಾಗದದ ಮನೆಯ ಪ್ರಯೋಜನವೇನು ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಇರಲಿಕ್ಕೆ ಇಟ್ಟಂಗಿಯ ಮನೆ ಸಾಕು. ಸಾಲ ತೆಗೆಯಲಿಕ್ಕೆ ಕಾಗದದ್ದು ಬೇಕು. ಹೆಸ್ಕಾಂನ ಮೀಟರಿಗೂ ಕಾಗದ ಬೇಕು. ಸ್ವಾಧೀನ ಪತ್ರ ನೋಡದೆ ಕರೆಂಟು, ನೀರು ಕೊಡಬಾರದೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಅದರ ಗೌರವ ಇನ್ನಷ್ಟು ಏರಿದೆ. ಆದಕಾರಣ ಕಾಗದದ ಮನೆಯನ್ನು ಬಲು ಅಂದವಾಗಿ ಕಟ್ಟುತ್ತಾರೆ. ನಾಲ್ಕೂ ಕಡೆ ಬಿಟ್ಟ ಜಾಗ, ಎಲ್ಲ ಕೋಣೆಗಳಿಗೆ ಗಾಳಿ ಬೆಳಕು, ಮೂಲೆಯಲ್ಲೊಂದು ಮಳೆನೀರಿನ ಗುಂಡಿ. ಇಟ್ಟಂಗಿಯ ಮನೆಯಲ್ಲಿ ಬಿಟ್ಟ ಜಾಗದ ಮೇಲೆ ಕಕ್ಕಸು, ಮುಂದಿನ ಮೂರು ಅಡಿಯಲ್ಲಿ ಕಿರಾಣಿ ಅಂಗಡಿ. ಗಾಳಿ ಬೆಳಕು ಪಕ್ಕದವರ ಕಡೆಯಿಂದ ಬರಬೇಕು, ಅವರು ಬಿಡುವುದಿಲ್ಲ.

ಎರಡು ಮನೆಗಳೂ ಒಂದಾಗುವ ಸಂದರ್ಭವೊಂದಿದೆ. ಮನೆ ಪೂರ್ತಿಯಾದ ಮೇಲೆ ತೆರಿಗೆ ನಿಗದಿಗಾಗಿ ಬಿಲ್ ಕಲೆಕ್ಟರ್ ಟೇಪು ಹಿಡಿದು ಖುದ್ದಾಗಿ ಬರುತ್ತಾನೆ. ಅದುವರೆಗೆ ಹೊರಗೆ ನಿಂತಿದ್ದ ಪ್ರತ್ಯಕ್ಷ ಪ್ರಮಾಣವನ್ನು ಅಂದು ಒಳಗೆ ಕರೆದು ಕುರ್ಚಿ ಹಾಕುತ್ತಾರೆ. ನಕಾಶೆಯಲ್ಲಿಲ್ಲದ ಅಂಗಡಿ, ಕಕ್ಕಸು, ಮಾಳಿಗೆ ಮೇಲಿನ ಕೋಣೆ, ಯಾವುದನ್ನೂ ಬಿಡದೆ ಅಳೆದು ಬರೆದುಕೊಂಡು, ಚಹಾ ಕುಡಿದು, ಅಂಗಡಿಗೆ ವಾಣಿಜ್ಯ ದರ ಬೀಳುತ್ತದೆಂದು ತಿಳಿಸಿ ಹೋಗುತ್ತಾನೆ.