ಸಿಂಪ್ಸನ್ನರ ಮನೆಯ ತಿಂಗಳ ಕೊನೆ

ಕಾರ್ಟೂನು ಅಂದಕೂಡಲೇ ಮಕ್ಕಳದು ಅಂತ ಒಳಗೆ ಹೋಗಬೇಡಿ ಶಾರದಕ್ಕ, ಒಂದು ಗಳಿಗೆ ನಿಲ್ಲಿ. ನಿಮ್ಮ ಮೊಮ್ಮಗ ನೋಡ್ತಾ ಕೂತಿರ್ತಾನಲ್ಲ, ಹಳದಿ ಮೈಯವರದು, ‘ದಿ ಸಿಂಪ್ಸನ್ಸ್’, ಅದು ನಿಮ್ಮ ಮಗ ಹೈಸ್ಕೂಲಿಗೆ ಹೋಗ್ತಿದ್ದಾಗಿಂದ ಬರ್ತಿದೆ. 1987ರಲ್ಲಿ ಇನ್ನೊಬ್ಬರ ಕಾರ್ಯಕ್ರಮದ ನಡುವೆ ಪುಟ್ಟ ತುಣುಕುಗಳಾಗಿ ಶುರುವಾಗಿ, 1989ರ ಡಿಸೆಂಬರಿನಲ್ಲಿ ಅರ್ಧ ಗಂಟೆಯ ಧಾರಾವಾಹಿ ಆಯ್ತು. 750 ಕಂತು ದಾಟಿದರೂ ಬಾರ್ಟ್‌ಗೆ ಇನ್ನೂ ಹತ್ತೇ ವರ್ಷ, ಲೀಸಾಗೆ ಎಂಟೇ, ಮ್ಯಾಗಿ ಎತ್ತಿಕೊಳ್ಳೋ ಕೂಸೇ. ಇದನ್ನು ಕಟ್ಟಿದ ಮ್ಯಾಟ್ ಗ್ರೇನಿಂಗ್ ತನ್ನ ಅಪ್ಪ, ಅಮ್ಮ, ತಂಗಿಯರ ಹೆಸರನ್ನೇ ಈ ಮನೆಯವರಿಗೆ ಇಟ್ಟಿದ್ದಾನೆ.

ನಗಿಸುತ್ತೆ ಅಂತ ಜನ ಹೊಗಳ್ತಾರೆ, ಭವಿಷ್ಯ ಹೇಳುತ್ತೆ ಅಂತ ಸುದ್ದಿ ಹಬ್ಬಿಸ್ತಾರೆ. ನನಗೆ ಮುಖ್ಯ ಅನ್ನಿಸೋದು ಅದಲ್ಲ. ಕೈಯಲ್ಲಿ ಕಾಸಿಲ್ಲದಾಗ ಮನೆ ಹೇಗೆ ನಡೆಯುತ್ತೆ ಅನ್ನೋದನ್ನ ಇಷ್ಟು ಅಕ್ಕರೆಯಿಂದ ತೋರಿಸಿದ ಧಾರಾವಾಹಿ ನಾನು ಇನ್ನೊಂದು ಕಂಡಿಲ್ಲ.

ಮೊದಲನೇ ಕಂತೇ ತಗೊಳ್ಳಿ. ಕ್ರಿಸ್‌ಮಸ್ಸು ಎದುರಿಗಿದೆ. ಅಪ್ಪ ಹೋಮರ್ ದುಡಿಯೋ ಅಣುವಿದ್ಯುತ್ ಸ್ಥಾವರದ ಧಣಿ ಬರ್ನ್ಸ್, ಈ ಸಲ ಬೋನಸ್ ಇಲ್ಲ ಅಂದುಬಿಡ್ತಾನೆ. ಅಮ್ಮ ಮಾರ್ಜ್ ಕೂಡಿಟ್ಟ ದುಡ್ಡು ಬಾರ್ಟ್ ಹಾಕಿಸಿಕೊಂಡು ಬಂದ ಹಚ್ಚೆ ತೆಗೆಸೋಕೆ ಖರ್ಚಾಗಿದೆ. ಹೆಂಡತಿಗೆ ಹೇಳೋಕೆ ಬಾಯಿ ಬಾರದೆ ಹೋಮರ್ ಕದ್ದುಮುಚ್ಚಿ ಮಾಲ್‌ನಲ್ಲಿ ಸಾಂತಾ ವೇಷ ಹಾಕ್ತಾನೆ. ಕಡಿತ ಎಲ್ಲ ಕಳೆದು ಕೈಗೆ ಬಂದದ್ದು 13 ಡಾಲರ್. ಅದನ್ನ ನಾಯಿ ಓಟದ ಜೂಜಿಗೆ ಕಟ್ಟಿ ಕಳ್ಕೊಳ್ತಾನೆ. ಸೋತ ನಾಯಿಯನ್ನ ಯಜಮಾನ ಹೊರಗಟ್ಟಿದಾಗ ಅದು ನೇರ ಹೋಮರನ ತೋಳಿಗೆ ಹಾರುತ್ತೆ. ಬರಿಗೈಲಿ ಬರಬೇಕಾಗಿದ್ದವನು ನಾಯಿ ಎತ್ಕೊಂಡು ಬಂದ. ಮಕ್ಕಳ ಸಂತೋಷ ನೋಡಬೇಕು ನೀವು!

ಅವರ ಬೇಲಿಯಾಚೆಗೆ ನೆಡ್ ಫ್ಲಾಂಡರ್ಸ್ ಅಂತ ಒಬ್ಬ ದೈವಭಕ್ತ. ಕೇಳಿದ್ದೆಲ್ಲ ಕಡ ಕೊಡ್ತಾನೆ, ಹೋಮರ್ ವಾಪಸ್ ಕೊಡಲ್ಲ. ಅವನು ಎಡಚರಿಗೆ ಬೇಕಾದ ಸಾಮಾನಿನದೇ ಒಂದು ಅಂಗಡಿ ಇಟ್ಟಾಗ, ಅದು ಮುಳುಗಲಿ ಅಂತ ಹೋಮರ್ ಮನಸಾರೆ ಬೇಡಿಕೊಳ್ತಾನೆ. ಮುಳುಗೇ ಹೋಗುತ್ತೆ. ಪಕ್ಕದ ಮನೆಯ ಸಾಮಾನನ್ನ ಚಿಲ್ಲರೆ ಕಾಸಿಗೆ ಕೊಂಡದ್ದೂ ಇವನೇ. ಆಮೇಲೆ ಕರುಳು ಚುರ್ ಅಂದು, ಊರಿನ ಎಡಚರನ್ನೆಲ್ಲ ಫೋನ್ ಮಾಡಿ ಕರೆಸಿ ಅಂಗಡಿ ತುಂಬಿಸ್ತಾನೆ. ಹೊಟ್ಟೆಕಿಚ್ಚು, ನಾಚಿಕೆ ಎರಡನ್ನೂ ಒಂದೇ ಮನುಷ್ಯನಲ್ಲಿ ತೋರಿಸಿದಾರಲ್ಲ, ಅದಕ್ಕೇ ಹೋಮರ್ ನನಗೆ ಬೇಕಾದವನು.

1995ರ ಮ್ಯಾಗಿ ಹುಟ್ಟಿದ ಕಂತು ಮಾತ್ರ ಎಷ್ಟು ಸಲ ನೋಡಿದರೂ ಕಣ್ಣು ತುಂಬುತ್ತೆ. ಹೋಮರ್ ಸಾಲ ತೀರಿಸಿ, ಸ್ಥಾವರದ ಕೆಲಸ ಬಿಟ್ಟು, ಇಷ್ಟಪಟ್ಟು ಬೌಲಿಂಗ್ ಕೇಂದ್ರಕ್ಕೆ ಸೇರಿರ್ತಾನೆ. ಹೊರಡುವಾಗ ಬರ್ನ್ಸ್ ತಲೆ ಮೇಲೆ ತಬಲ ಬಾರಿಸಿ ಬಂದಿರ್ತಾನೆ ಬೇರೆ. ಅಷ್ಟರಲ್ಲಿ ಮಾರ್ಜ್ ಮತ್ತೆ ಬಸುರಿ. ಆ ಸಂಬಳದಲ್ಲಿ ಮೂರನೇ ಮಗುವನ್ನ ಸಾಕೋಕಾಗಲ್ಲ. ಬೇಡಿ ಬರುವವರಿಗೆಂದೇ ಮಾಡಿದ ಗಿಡ್ಡ ಬಾಗಿಲಲ್ಲಿ ತೆವಳಿಕೊಂಡು ಸ್ಥಾವರಕ್ಕೆ ವಾಪಸ್ ಹೋಗ್ತಾನೆ. ‘ಮರೀಬೇಡ, ನೀನು ಎಂದೆಂದಿಗೂ ಇಲ್ಲೇ’ ಅಂತ ಇಂಗ್ಲಿಷಿನಲ್ಲಿ ಬರೆದ ಫಲಕವನ್ನ ಬರ್ನ್ಸ್ ಅವನ ಮುಂದೆ ಜಡಿಸ್ತಾನೆ. ಮನೆ ಆಲ್ಬಮ್ಮಿನಲ್ಲಿ ಮ್ಯಾಗಿ ಫೋಟೋ ಒಂದೂ ಇಲ್ಲ ಯಾಕೆ ಅಂತ ಮಕ್ಕಳು ಕೇಳ್ತಾರಲ್ಲ, ಎಲ್ಲವೂ ಆ ಫಲಕದ ಮೇಲಿವೆ. ಬೇಡದ ಅಕ್ಷರಗಳನ್ನೆಲ್ಲ ಕೂಸಿನ ಫೋಟೋಗಳಿಂದ ಮುಚ್ಚಿದಾನೆ. ಓದೋಕೆ ಉಳಿದದ್ದು ‘ಅವಳಿಗೋಸ್ಕರ ಮಾಡು’ ಅನ್ನೋದಷ್ಟೇ.

ಇಷ್ಟು ಬಲ್ಲವರು ನಮ್ಮವನೊಬ್ಬನ ವಿಷಯದಲ್ಲಿ ತಪ್ಪಿದರು ಅನ್ನೋದು ನನಗೆ ಬೇಜಾರು. ದಿನಸಿ ಅಂಗಡಿಯ ಅಪು. ಅವನ ದನಿ ಹ್ಯಾಂಕ್ ಅಜೇರಿಯಾ ಅನ್ನೋ ಬಿಳಿಯ ನಟನದಾಗಿತ್ತು. ಅಮೆರಿಕದಲ್ಲಿ ಹುಟ್ಟಿದ ನಮ್ಮ ಮಕ್ಕಳನ್ನ ಶಾಲೇಲಿ ಆ ದನಿಯ ಉಚ್ಚಾರಣೆ ಹಿಡಿದೇ ಅಣಕಿಸಿದರು. 2017ರಲ್ಲಿ ಹಾಸ್ಯಗಾರ ಹರಿ ಕೊಂಡಬೋಲು ಅದರ ಮೇಲೇ ಸಾಕ್ಷ್ಯಚಿತ್ರ ಮಾಡಿದರು, 2020ರಲ್ಲಿ ಅಜೇರಿಯಾ ಆ ದನಿ ಕೊಡೋದು ಬಿಟ್ಟರು. ಒಳ್ಳೇದೇ ಆಯ್ತು. ಆದರೆ ಅಪು ಈಗ ಗುಂಪಿನಲ್ಲಿ ಮಾತಿಲ್ಲದೆ ನಿಂತಿರ್ತಾನೆ. ಅಂಗಡಿ ನೋಡ್ಕೊಳ್ಳಬೇಕು, ಹೆಂಡತಿ ಮಂಜುಳಾ, ಒಂದೇ ಹೆರಿಗೇಲಿ ಹುಟ್ಟಿದ ಎಂಟು ಮಕ್ಕಳು. ತಿಂಗಳ ಕೊನೆ ಅಂದರೇನು ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ? ನಮ್ಮವರೇ ಯಾರಾದರೂ ಬರೆದು, ನಮ್ಮವರೇ ದನಿ ಕೊಟ್ಟು, ಅವನದೂ ಒಂದು ಕಂತು ಬರಬೇಕು ಶಾರದಕ್ಕ.