ಜನ ಬೇಕಾಗಿದ್ದಾರೆ

ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ದಾರಿಯಲ್ಲಿ ಯಾವ ಕಾಲಕ್ಕೂ ಬದಲಾಗದ ಬೋರ್ಡು ಒಂದೇ: ‘ಕೆಲಸಕ್ಕೆ ಜನ ಬೇಕಾಗಿದ್ದಾರೆ’. ಬಟ್ಟೆ ಅಂಗಡಿಗೆ ಬೇಕು, ಪೆಟ್ರೋಲ್ ಬಂಕಿಗೆ ಬೇಕು, ಹೋಟೆಲಿಗಂತೂ ಸಪ್ಲಾಯರ್, ಕ್ಲೀನರ್ ಇಬ್ಬರೂ ಬೇಕು. ಹಿಂದೆ ಇದನ್ನು ರಟ್ಟಿನ ಮೇಲೆ ಬರೆದು ದಾರದಲ್ಲಿ ತೂಗುಹಾಕುತ್ತಿದ್ದರು, ಈಗ ಫ್ಲೆಕ್ಸ್ ಮಾಡಿಸಿ ಮೊಳೆ ಹೊಡೆಯುತ್ತಾರೆ. ಜನ ಸಿಕ್ಕಾರೆಂಬ ಆಸೆ ಎಷ್ಟು ಉಳಿದಿದೆಯೆಂದು ಮೊಳೆಯೇ ಹೇಳುತ್ತದೆ. ಮುಂಬಯಿ, ಮದರಾಸು, ಬೆಂಗಳೂರುಗಳಿಗೆಲ್ಲ ಹೋಟೆಲಿನ ಜನ ಒದಗಿಸಿದ ಜಿಲ್ಲೆ ನಮ್ಮದು. ಆದರೆ ಈಗ ಇಲ್ಲಿಯೇ ಎಷ್ಟೋ ಕಡೆ ಇನ್ನೊಂದಿಷ್ಟು ಚಟ್ನಿಯನ್ನು ಹಿಂದಿಯಲ್ಲಿ ಕೇಳಬೇಕು. ಕೊಡುವ ಹುಡುಗ ಒಡಿಶಾದವನೋ ಅಸ್ಸಾಮಿನವನೋ ಆಗಿರುತ್ತಾನೆ. ಚಟ್ನಿ ಮಾತ್ರ ನಮ್ಮದೇ.

ನನ್ನ ಅಕ್ಕನ ಮಗಳು ಮಣಿಪಾಲದ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಎಚ್‌ಆರ್. ಜನರನ್ನು ಹುಡುಕುವುದು, ಸಿಕ್ಕವರನ್ನು ಉಳಿಸಿಕೊಳ್ಳುವುದು, ಉಳಿದವರು ಖುಷಿಯಾಗಿದ್ದಾರೋ ಎಂದು ಮೂರು ತಿಂಗಳಿಗೊಮ್ಮೆ ವಿಚಾರಿಸುವುದು ಅವಳ ಕೆಲಸ. ಖುಷಿಯನ್ನು ಒಂದರಿಂದ ಹತ್ತರೊಳಗಿನ ಅಂಕಿಯಲ್ಲಿ ತುಂಬಬೇಕಂತೆ. ನಮ್ಮ ಊರಿನವರೆಲ್ಲ ಏಳು ಎಂದೇ ತುಂಬುತ್ತಾರಂತೆ. ಹತ್ತು ಹಾಕಿದರೆ ದೃಷ್ಟಿಯಾದೀತು, ಐದು ಹಾಕಿದರೆ ಯಾರಾದರೂ ಮಾತಾಡಿಸಲು ಬಂದಾರು.

“ಮಾಮ, ಇವರು ಸಂಬಳ ಕಡಿಮೆ ಅಂತ ಬಿಟ್ಟು ಹೋಗುವುದಿಲ್ಲ, ರಜೆ ಸಿಗಲಿಲ್ಲ ಅಂತ ಹೋಗ್ತಾರೆ” ಎಂದು ಅವಳ ದೂರು. ಕೇಳಿದ ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಕಾಪುವಿನಲ್ಲಿ ಮೂರು ಮಾರಿಗುಡಿಗಳಿವೆ, ವರ್ಷಕ್ಕೆ ಮೂರು ಮಾರಿಪೂಜೆ, ಅದೂ ಮಂಗಳವಾರ ಬುಧವಾರ. ಎರಡೂ ಕಂಪೆನಿಯ ಲೆಕ್ಕದಲ್ಲಿ ಕೆಲಸದ ದಿನಗಳು. ಕಾರ್ಕಳದವರಿಗೆ ಜನವರಿಯಲ್ಲಿ ಅತ್ತೂರು ಇಗರ್ಜಿಯ ಹಬ್ಬ, ಜಾತಿ ಧರ್ಮ ಕೇಳದೆ ಎಲ್ಲರಿಗೂ ಅದು ಬೇಕು. ಅಲ್ಲಿಯೇ 1432ರಲ್ಲಿ ನಿಂತ 42 ಅಡಿಯ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ. ಉಡುಪಿಯವರಿಗೆ ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ. ಇದರ ಮೇಲೆ ಮನೆಯ ಭೂತಕ್ಕೆ ನೇಮ, ಹರಕೆಯ ಯಕ್ಷಗಾನದ ಆಟ, ಕಂಬಳ. ಬೆಂಗಳೂರಿನಲ್ಲಿ ಕೂತು ರಜೆಯ ಪಟ್ಟಿ ಮಾಡಿದವರಿಗೆ ಭೂತದ ಕೋಪ ಗೊತ್ತಿಲ್ಲ. ಇಂಟರ್‌ವ್ಯೂನಲ್ಲಿ ಒಬ್ಬ ಹುಡುಗನಿಗೆ, 2030ರಲ್ಲಿ ನೀನು ಎಲ್ಲಿರುತ್ತಿ ಎಂದು ಕೇಳಿದರಂತೆ. ಅವನು ಬೆರಳು ಮಡಚಿ ಲೆಕ್ಕ ಹಾಕಿ, “ಅದು ಪರ್ಯಾಯದ ವರ್ಷ ಮೇಡಂ, ಜನವರಿಯಲ್ಲಿ ಎರಡು ದಿವಸ ಇರ್ಲಿಕ್ಕಿಲ್ಲ” ಎಂದನಂತೆ. ಅವನನ್ನು ತೆಗೆದುಕೊಂಡರು. ಇಷ್ಟು ಮುಂಚೆ ತಿಳಿಸುವವರು ಅವಳಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ.

ಉಳಿದವರು ತಿಳಿಸುವ ರೀತಿಯೇ ಬೇರೆ. ಬಿಡುತ್ತೇನೆ ಎಂದು ಯಜಮಾನನ ಮುಖ ನೋಡಿ ಹೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಊರಿಗೆ ಹೋಗಿ ಬರ್ತೇನೆ ಅನ್ನುತ್ತಾರೆ. ವಾರ ಕಳೆದ ಮೇಲೆ ಭಾವನೋ ಚಿಕ್ಕಪ್ಪನ ಮಗನೋ ಬಂದು, ಚಹಾ ಕುಡಿದು, ಮಳೆಯ ಸುದ್ದಿ ಮಾತಾಡಿ, ಹೊರಡುವಾಗ “ಅವನ ಒಂದು ಚೀಲ ಇತ್ತಂತೆ” ಎಂದು ತಲೆ ಕೆರೆದುಕೊಂಡರೆ ರಾಜೀನಾಮೆ ಅಂಗೀಕಾರವಾಯಿತು. ಎರಡು ತಿಂಗಳ ನೋಟಿಸು ಬೇಕೆನ್ನುವ ಕಂಪೆನಿಗಳು ಈ ಭಾವನಿಗೆ ಒಂದು ಕುರ್ಚಿಯನ್ನೂ ಇಟ್ಟಿಲ್ಲ.

ಸೇರಿಸಿಕೊಳ್ಳುವಾಗಲೂ ಹಾಗೆಯೇ. “ನಿಮ್ಮದು ಕಾಪುವಿನಲ್ಲಿ ಎಲ್ಲಿ ಆಯಿತು?” ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಪರಿಶೀಲನೆ ಮುಗಿಯಿತು. ಈ ಪದ್ಧತಿಯಲ್ಲಿ ಅನ್ಯಾಯವಿಲ್ಲದಿಲ್ಲ: ಯಾರ ಗುರುತೂ ಇಲ್ಲದವನು ಬಾಗಿಲಲ್ಲೇ ನಿಲ್ಲಬೇಕು. ಆದರೆ ಇದೇ ಗುರುತನ್ನು ನೆಚ್ಚಿಕೊಂಡು ಇಲ್ಲಿ ಒಂದು ಬ್ಯಾಂಕೇ ನಿಂತಿತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಶುರುಮಾಡಿದ್ದು, ಮುಂದೆ ಸಿಂಡಿಕೇಟ್ ಬ್ಯಾಂಕಾದದ್ದು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಇದ್ದರೆ ಸಾಕು, ಏಜೆಂಟನೇ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ಅವನಿಗೆ ಮೇಜಿಲ್ಲ, ಕುರ್ಚಿಯಿಲ್ಲ, ಹಾಜರಿ ಪುಸ್ತಕವಿಲ್ಲ, ಇದ್ದದ್ದು ಕಮಿಷನ್. ಹಾಜರಿ ಹಾಕುತ್ತಿದ್ದವರು ಬೀದಿಯವರು. ನಾಲ್ಕು ಗಂಟೆಗೆ ಬರುವ ಪಿಗ್ಮಿಯವರು ನಾಲ್ಕೂವರೆಗೂ ಬರದಿದ್ದರೆ, ಅವರಿಗೆ ಜ್ವರವೋ ಏನೋ ಎಂದು ಬೀಡಾ ಅಂಗಡಿಯಲ್ಲಿ ಚರ್ಚೆಯಾಗುತ್ತಿತ್ತು. ಯಾವ ಮ್ಯಾನೇಜರಿಗೂ ಇಷ್ಟು ಕಣ್ಣುಗಳಿರಲಿಲ್ಲ.

ಹೀಗೆ ಬಿಸಿಲಲ್ಲಿ ಕೊಡೆ ಹಿಡಿದು ನಡೆದವರು ಬ್ಯಾಂಕಿನ ನೌಕರರೋ, ಬರೀ ಏಜೆಂಟರೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 2001ರಲ್ಲಿ, ಇವರೂ ಕಾನೂನಿನ ಪ್ರಕಾರ ಕೆಲಸಗಾರರೇ ಎಂದು ತೀರ್ಪಾಯಿತು. ಪಿಗ್ಮಿ ಶುರುವಾಗಿ ಆಗಲೇ ಎಪ್ಪತ್ತು ವರ್ಷ ದಾಟಿತ್ತು. ಮಣಿಪಾಲದ ಹಾಸ್ಟೆಲುಗಳಿಗೆ ರಾತ್ರಿ ಬಿರಿಯಾನಿ ಹೊತ್ತು ಸ್ಕೂಟರಿನಲ್ಲಿ ಓಡುವ ಹುಡುಗರನ್ನು ಕಂಡಾಗ ನನಗೆ ಈ ತೀರ್ಪು ನೆನಪಾಗುತ್ತದೆ. ಇವರನ್ನು ಪಾರ್ಟ್‌ನರ್ ಅನ್ನುತ್ತಾರಂತೆ. ಪೆಟ್ರೋಲ್ ಹಾಕಿಸುವಾಗ ಮಾತ್ರ ಪಾಲುದಾರನ ಕಿಸೆ ಒಂದೇ. ಮನೆಯಲ್ಲಿ ಕೂತು ದುಡಿಯುವುದೂ ನಮಗೆ ಹೊಸತಲ್ಲ. ಕಾರ್ಕಳದ ಕಡೆ ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿದ ಹೆಂಗಸರು ಯಾವ ಯಜಮಾನನ ಮುಖವನ್ನೂ ನೋಡಿದವರಲ್ಲ. ಅವರ ಪಾಲಿಗೆ ಕಂಪೆನಿಯೆಂದರೆ ಬ್ರಾಂಚಿನಲ್ಲಿ ಕೂತು ಕಟ್ಟು ಹಿಸುಕಿ ನೋಡಿ, ಸಪೂರವಾಯಿತೆಂದು ಬದಿಗೆ ಎಸೆಯುವ ಒಂದು ಕೈ. ಆ ಕೈಗೆ ಎದುರಾಡಿ ಜಯಿಸಿದ ಒಬ್ಬಿಬ್ಬರು ಹೆಂಗಸರನ್ನು ನಾನು ಬಲ್ಲೆ. ಅವರು ಯಾವ ಕಂಪೆನಿಯ ಎಚ್‌ಆರ್ ಆಗಲಿಕ್ಕೂ ಯೋಗ್ಯರು.

ಆದರೂ ಜನರನ್ನು ನಡೆಸುವ ಪಾಠ ಬೇಕೆಂದರೆ ನಾನು ಯಕ್ಷಗಾನದ ಚೌಕಿ ತೋರಿಸುತ್ತೇನೆ. ದೇವರ ಪೆಟ್ಟಿಗೆಯ ಎದುರು ಯಾರು ಎಲ್ಲಿ ಕೂತು ಬಣ್ಣ ಹಚ್ಚಬೇಕೆಂಬುದಕ್ಕೆ ಕ್ರಮವಿದೆ, ಜಾಗ ನೋಡಿದರೆ ದರ್ಜೆ ಗೊತ್ತಾಗುತ್ತದೆ. ಹೊಸಬ ಕೋಡಂಗಿಯಿಂದ ಶುರುಮಾಡಿ, ಬಾಲಗೋಪಾಲನಾಗಿ, ವರ್ಷಗಟ್ಟಲೆ ಕುಣಿದು ಮೇಲೇರಬೇಕು. ಮಾತಿಗೆ ಬರೆದ ಪ್ರತಿಯಿಲ್ಲ. ಆದರೂ ರಂಗದಲ್ಲಿ ಎಳೆದವನಿಗೆ ಭಾಗವತರು ಒಂದು ಪದ್ಯ ಎತ್ತಿಕೊಂಡರೆ ಸಾಕು, ಮಾತು ಅಲ್ಲಿಗೆ ಮುಗಿಯಿತೆಂದು ಅರ್ಥ. ಇಮೇಲ್ ಇಲ್ಲ, ಸಿಟ್ಟಿಲ್ಲ, ಪ್ರೇಕ್ಷಕರಿಗೆ ಗೊತ್ತೂ ಆಗುವುದಿಲ್ಲ. ದೀಪಾವಳಿ ಕಳೆದು ಹೊರಟ ತಿರುಗಾಟ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ನಿಲ್ಲುತ್ತದೆ. ಮುಂದಿನ ವರ್ಷಕ್ಕೆ ಯಾರು ಯಾವ ಮೇಳಕ್ಕೆ, ಮುಂಗಡ ಎಷ್ಟು ಎಂಬುದೆಲ್ಲ ಮಳೆಗಾಲದಲ್ಲಿ ಚಹಾದ ಜೊತೆ ತೀರ್ಮಾನವಾಗುತ್ತದೆ.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದ್ದೇ ತಪ್ಪಾಯಿತೋ ಏನೋ. ಕಳೆದ ಮೇಯಲ್ಲಿ ಒಬ್ಬ ಹುಡುಗ ಬಂದನಂತೆ. ಡಿಪ್ಲೊಮಾ ಇದೆ, ಕಂಪ್ಯೂಟರ್ ಚೆನ್ನಾಗಿ ಬರುತ್ತದೆ, ಮೇಳದಲ್ಲಿ ಸ್ತ್ರೀವೇಷ ಮಾಡುತ್ತಾನೆ. ಪತ್ತನಾಜೆಯ ಮರುದಿನ ಸೇರುತ್ತೇನೆ, ದೀಪಾವಳಿಯವರೆಗೆ ಇರುತ್ತೇನೆ ಎಂದನಂತೆ. ಅವಳ ಫಾರ್ಮಿನಲ್ಲಿ ಕಾಯಂ, ತಾತ್ಕಾಲಿಕ ಎಂದು ಎರಡೇ ಮನೆಗಳಿದ್ದವು. ಅವಳು ಕಾಯಂಗೇ ಗುರುತು ಹಾಕಿದಳು. ಅವನು ಬಂದು ಕೂತಿದ್ದಾನೆ, ಕೆಲಸವೂ ಚೊಕ್ಕವಂತೆ. ನವೆಂಬರಿನ ಮಾತನ್ನು ಇಬ್ಬರೂ ಇನ್ನೂ ಎತ್ತಿಲ್ಲ.