ಡಿಸ್ಪೋಸಲ್ ಗಾಡಿಯ ಯಜಮಾನರು

ಸೈನ್ಯ ಸಾಕೆಂದು ಬಿಟ್ಟ ಗಾಡಿಯನ್ನು ಹರಾಜಿನಲ್ಲಿ ಹಿಡಿದು, ಅದರಲ್ಲಿ ಲಡಾಖಿಗೆ ಹೋಗಿಬರುವ ಯೋಚನೆಯಲ್ಲೇ ಆಯುಸ್ಸು ಕಳೆಯುವ ಗೃಹಸ್ಥರು ಉಡುಪಿ ಸೀಮೆಯಲ್ಲಿ ಮೂರು ಬಗೆ. ಕಾರ್ಕಳದವರಿಗೆ ರಬ್ಬರ್ ತೋಟವಿರುತ್ತದೆ. ಗಾಡಿ ತೋಟದ ಕೆಲಸಕ್ಕೆಂದು ಮನೆಯವರನ್ನು ನಂಬಿಸಿರುತ್ತಾರೆ. ಕಾಪುವಿನವರು ಮುಂಬಯಿಯ ಹೋಟೆಲನ್ನು ಮಗನಿಗೆ ವಹಿಸಿ ಊರು ಸೇರಿದವರು. ಮಣಿಪಾಲದವರು ಇಂಜಿನಿಯರಿಂಗ್ ಹುಡುಗರು. ಹಳೇ ಜಿಪ್ಸಿಯೇ ಅವರ ಸೈನ್ಯ, ಊರಂಚಿನ ಎಂಡ್ ಪಾಯಿಂಟೇ ಅವರ ಗಡಿ.

ಗಾಡಿಯ ವಂಶಾವಳಿಯನ್ನು ಯಜಮಾನರು ಸ್ವಂತ ವಂಶದ್ದಕ್ಕಿಂತ ಚೆನ್ನಾಗಿ ಬಲ್ಲರು. ಎರಡನೇ ಮಹಾಯುದ್ಧ ಮುಗಿದಾಗ ಮಿಕ್ಕುಳಿದ ಫೋರ್ಡ್, ಷೆವ್ರೊಲೆ ಲಾರಿಗಳು, ವಿಲ್ಲೀಸ್ ಜೀಪುಗಳು ಹರಾಜಾದದ್ದು ಮೊದಲ ತಲೆಮಾರು. 1959ರಿಂದ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿ ಎರಡನೆಯದು. ಅದರ ಬಾಲದಲ್ಲಿರುವ ‘ಮಾನ್’ ಸಂಸ್ಕೃತದ ಪ್ರತ್ಯಯವೂ ಹೌದು, ವಿನ್ಯಾಸ ಕೊಟ್ಟ ಜರ್ಮನ್ ಕಂಪನಿಯ ಹೆಸರೂ ಹೌದು. ಜೊಂಗಾ ಮೂರನೆಯದು. ಅದೇನೂ ಆಫ್ರಿಕದ ಪ್ರಾಣಿಯಲ್ಲ. ‘ಜಬಲ್ಪುರ್ ಆರ್ಡ್‌ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ’ ಎಂಬುದರ ಮೊದಲಕ್ಷರಗಳು. ನಿಸಾನ್ ಪಟ್ರೋಲ್ ಎಂಬ ಜಪಾನೀ ಗಾಡಿಯ ಪಡಿಯಚ್ಚಾದ ಇದಕ್ಕೆ ಆರು ಸಿಲಿಂಡರ್, ಸುಮಾರು 4 ಲೀಟರಿನ ಪೆಟ್ರೋಲ್ ಇಂಜಿನ್.

ಮನೆಗೆ ಬಂದ ಗಾಡಿಯ ಮೊದಲ ಯುದ್ಧ ಬಣ್ಣದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ಆಲಿವ್ ಹಸಿರು ಸೈನ್ಯಕ್ಕೇ ಮೀಸಲು. ಮೇಲ್ಮುಖ ಬಾಣದಿಂದ ಶುರುವಾಗುವ ಸೈನ್ಯದ ನಂಬರೂ ಹೋಗಿ ಕೆಎ 20 ಬರಬೇಕು. ಯಜಮಾನರು ಇಡೀ ಗಾಡಿಗೆ ಬೂದುಬಣ್ಣ ಹೊಡೆಸುತ್ತಾರೆ, ಬಾಣ ಇದ್ದ ಜಾಗಕ್ಕೆ ಮಾತ್ರ ತೆಳ್ಳಗೆ. ನೆಂಟರು ಬಂದರೆ ಕಾಫಿಗೆ ಮೊದಲು ಅಲ್ಲಿ ಬೆರಳಾಡಿಸಿ ತೋರಿಸುವ ಕ್ರಮವುಂಟು.

ಎರಡನೆಯ ಶತ್ರು ತುಕ್ಕು. ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ಇದು. ಕಾಪುವಿನಲ್ಲಿ ಉಪ್ಪುಗಾಳಿ ಬೇರೆ. ಹಾಗಾಗಿ ಆಟಿ ತಿಂಗಳಿಡೀ ಯಜಮಾನರು ಗಾಡಿಯ ಅಡಿಯಲ್ಲೇ ಸಿಗುತ್ತಾರೆ. ಚಾಸಿಸ್ಸಿಗೆ ರೆಡ್ ಆಕ್ಸೈಡ್, ಅದರ ಮೇಲೆ ಹಳೆ ಓಯಿಲ್, ಹಿಂದಿನ ಹಲಗೆಗಳಿಗೆ ದೋಣಿಗೆ ಬಳಿಯುವ ಗೇರು ಎಣ್ಣೆ. ಇಷ್ಟಾದ ಮೇಲೂ ಗುಜರಿಯವನು ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ಕಿಲೋಗೆ ಎಷ್ಟೆಂದು ಹೇಳಿ ಹೋಗುತ್ತಾನೆ. ಅಂದು ಮನೆಯಲ್ಲಿ ಯಾರೂ ಯಜಮಾನರನ್ನು ಮಾತನಾಡಿಸುವುದಿಲ್ಲ.

ದೂರ ಪ್ರಯಾಣಕ್ಕೆ ಶಾಸ್ತ್ರವೇ ಉಂಟು. ಫ್ಯಾನ್ ಬೆಲ್ಟು, ಪಾಯಿಂಟು, ಕಂಡೆನ್ಸರ್, ಪೆಟ್ರೋಲ್ ಎಳೆಯುವ ಏಸಿ ಪಂಪು ಎರಡೆರಡಿರಬೇಕು. 20 ಲೀಟರಿನ ಜೆರ್ರಿಕ್ಯಾನ್ ಒಂದಾದರೂ ಬೇಕು. ಜರ್ಮನ್ ಸೈನ್ಯಕ್ಕೆಂದು 1930ರ ದಶಕದಲ್ಲಿ ರೂಪುಗೊಂಡ ಈ ಡಬ್ಬ ಪ್ರಯಾಣವಿಲ್ಲದಾಗ ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಕಾಯುತ್ತದೆ. ನಿಲ್ಲಿಸಿದಲ್ಲೆಲ್ಲ ಇಳಿದು, ಮಗುವಿನ ಜ್ವರ ನೋಡುವ ಹಾಗೆ ಕೈಯ ಹಿಂಬದಿಯಿಂದ ನಾಲ್ಕೂ ಚಕ್ರದ ಹಬ್ ಮುಟ್ಟಿನೋಡಬೇಕು. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗಿಗೆ ಗ್ರೀಸಿಲ್ಲ, ಇಲ್ಲವೇ ಬ್ರೇಕು ಹಿಡಿದುಕೊಂಡಿದೆ.

ಪರೀಕ್ಷಾ ಪ್ರಯಾಣ ಯಾವಾಗಲೂ ಆಗುಂಬೆಗೆ. 14 ತಿರುವುಗಳ ಆ ಘಾಟಿಯಲ್ಲಿ ಹಳೇ ಗೇರುಪೆಟ್ಟಿಗೆಯನ್ನು ಇಳಿಗೇರಿಗೆ ಒಪ್ಪಿಸಲು ಕ್ಲಚ್ಚನ್ನು ಎರಡು ಸಲ ತುಳಿಯಬೇಕು, ನಡುವೆ ನ್ಯೂಟ್ರಲ್ಲಿನಲ್ಲಿ ಒಮ್ಮೆ ಎಕ್ಸಲರೇಟರ್ ಕೊಡಬೇಕು. ಲೆಕ್ಕ ತಪ್ಪಿದರೆ ಗೇರು ಕಿರುಚುವುದು ಹೆಬ್ರಿಗೂ ಕೇಳಿಸೀತು. ಏರುವಾಗ ಇಂಜಿನ್ ಕಾದು, ಪೈಪಿನೊಳಗಿನ ಪೆಟ್ರೋಲು ಆವಿಯಾಗಿ ಪಂಪಿಗೆ ಸಿಗದೆ ಗಾಡಿ ನಿಲ್ಲುತ್ತದೆ. ಆಗ ಯಜಮಾನರು ತಲೆಗೆ ಸುತ್ತಿದ ಬೈರಾಸು ಬಿಚ್ಚಿ, ತೊರೆಯ ನೀರಿನಲ್ಲಿ ಅದ್ದಿ, ಪಂಪಿಗೆ ಸುತ್ತಿ ಕಲ್ಲಿನ ಮೇಲೆ ಕೂರುತ್ತಾರೆ.

“ಎಂತ ಮಾರಾಯ್ರೆ, ಪೆಟ್ರೋಲ್ ಖಾಲಿಯಾ?” ಎಂದು ಬೈಕಿನವರು ಕೇಳುತ್ತಾರೆ.

“ಖಾಲಿ ಅಲ್ಲ, ಅದಕ್ಕೆ ಸ್ವಲ್ಪ ಬಿಸಿಯಾದದ್ದು.”

ಯಜಮಾನರ ಹೆಂಡತಿ ಮಾತ್ರ ಮದುವೆ ಮುಂಜಿಗೆ ಎಕ್ಸ್‌ಪ್ರೆಸ್ ಬಸ್ಸನ್ನೇ ನಂಬಿದವರು. ರೇಷ್ಮೆ ಸೀರೆಗೂ ಗ್ರೀಸಿಗೂ ಆಗಿಬರುವುದಿಲ್ಲ. ಬಸ್ಸು ಪಡುಬಿದ್ರಿಯ ಹತ್ತಿರ ಗಾಡಿಯನ್ನು ಹಿಂದೆ ಹಾಕುವಾಗ ಅವರು ಕಿಟಕಿಯಿಂದ ಕೈ ಬೀಸುತ್ತಾರೆ. ಊಟದ ಹಾಲ್‌ನಲ್ಲಿ ಪಕ್ಕದ ಎಲೆಯನ್ನು ಹಿಡಿದಿಡುವವರೂ ಅವರೇ.

ಲಡಾಖಿನ ಲೆಕ್ಕ ಡೈರಿಯಲ್ಲಿ ಖಾಯಂ ಆಗಿರುತ್ತದೆ. ದೂರ 3000 ಕಿಲೋಮೀಟರಿಗೂ ಮಿಕ್ಕಿ. ಜೊಂಗಾ ಲೀಟರಿಗೆ 5 ಕೊಟ್ಟರೆ ಪುಣ್ಯ. ಹೋಗುವುದಕ್ಕೇ 600 ಲೀಟರ್ ಬೇಕು. ಈ ಗುಣಾಕಾರ ಮುಗಿದ ಮೇಲೆ ಕೆಲವರು ಬೋನೆಟ್ಟಿನಡಿ ಲೈಲ್ಯಾಂಡಿನ ಡೀಸೆಲ್ ಇಂಜಿನ್ ಕೂರಿಸುತ್ತಾರೆ, ಕೆಲವರು ಡೈರಿ ಮುಚ್ಚುತ್ತಾರೆ. ಮಾರುವವರು ಕಡಿಮೆ.

ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಐವತ್ತೈದು ದಾಟಿದವರ ಲೈಸೆನ್ಸಿನ ಅವಧಿಯೂ ಐದೇ ವರ್ಷ. ಗಾಡಿ, ಯಜಮಾನರು ಇಬ್ಬರೂ ಆರ್‌ಟಿಒ ಮುಂದೆ ತಮ್ಮ ತಮ್ಮ ಫಿಟ್‌ನೆಸ್ ತೋರಿಸಬೇಕು. ಸದ್ಯಕ್ಕೆ ಇಬ್ಬರೂ ಪಾಸಾಗುತ್ತಿದ್ದಾರೆ.